ಸುಮ್ಮನೆ ಕೂತ ಮಗು ಕಣ್ಣಿಗೆ ಬೀಳಲು ಇಷ್ಟು ವರ್ಷ ಬೇಕಾಯಿತು

ಎಡಿಎಚ್‌ಡಿ (ಗಮನ ಒಂದು ಕಡೆ ನಿಲ್ಲದ, ಕೆಲವರಲ್ಲಿ ಕೂತಲ್ಲಿ ಕೂರಲೂ ಆಗದ ಸ್ಥಿತಿ) ಮೊಬೈಲ್ ಬಂದ ಮೇಲೆ ಹುಟ್ಟಿದ್ದು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಆದರೆ 1798ರಲ್ಲೇ ಸ್ಕಾಟ್ಲೆಂಡಿನ ವೈದ್ಯ ಅಲೆಕ್ಸಾಂಡರ್ ಕ್ರೈಟನ್ ಯಾವುದರ ಮೇಲೂ ಗಮನ ನಿಲ್ಲದವರ ಬಗ್ಗೆ ಬರೆದಿದ್ದರು. 1902ರಲ್ಲಿ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್, ಬುದ್ಧಿ ಚೆನ್ನಾಗಿದ್ದರೂ ತಮ್ಮನ್ನು ತಾವು ತಡೆದುಕೊಳ್ಳಲಾಗದ ಮಕ್ಕಳ ಬಗ್ಗೆ ಉಪನ್ಯಾಸ ಕೊಟ್ಟರು. ಆ ಕಾಲದ ಮಾತಿನಲ್ಲಿ ಅದು ನೈತಿಕ ಹಿಡಿತದ ಕೊರತೆ. 1937ರಲ್ಲಿ ಅಮೆರಿಕದ ಚಾರ್ಲ್ಸ್ ಬ್ರಾಡ್ಲಿ ಉತ್ತೇಜಕ ಔಷಧಿ ಕೊಟ್ಟಾಗ ಎಷ್ಟೋ ಮಕ್ಕಳು ಪಾಠದಲ್ಲಿ ಸುಧಾರಿಸಿದ್ದನ್ನು ಕಂಡರು. ಆಮೇಲೆ ಹೆಸರುಗಳು ಬದಲಾಗುತ್ತಾ ಹೋದವು. ಎಲ್ಲರ ಕಣ್ಣು ಮಾತ್ರ ಕೂತಲ್ಲಿ ಕೂರದ ಮಗುವಿನ ಮೇಲೇ ಇತ್ತು.

ಆ ನೋಟ ಬದಲಾಗತೊಡಗಿದ್ದು 1980ರಲ್ಲಿ. ಅಮೆರಿಕದ ಮನೋವೈದ್ಯರ ಕೈಪಿಡಿ ಆ ವರ್ಷ 'ಗಮನ ಕೊರತೆ' ಎಂಬ ಹೆಸರು ಕೊಟ್ಟಿತು. ಅತಿಚಟುವಟಿಕೆ ಇಲ್ಲದೆಯೂ ಇದು ಇರಬಹುದು ಅಂತ ಒಪ್ಪಿತು. 1987ರಲ್ಲಿ ಎಡಿಎಚ್‌ಡಿ ಎಂಬ ಈಗಿನ ಹೆಸರು ಬಂದಾಗ ಆ ಸದ್ದಿಲ್ಲದ ಮಕ್ಕಳು ಮತ್ತೆ ಮೂಲೆಗೆ ಸರಿದರು. 1994ರಲ್ಲಿ ಅವರಿಗೆ ಪುನಃ ಜಾಗ ಸಿಕ್ಕಿತು.

ಅಂಥ ಒಬ್ಬ ಹುಡುಗಿಯನ್ನು ಕಣ್ಮುಂದೆ ತಂದುಕೊಳ್ಳಿ. ಪುಸ್ತಕ ತೆರೆದಿದೆ, ಬೆರಳು ಸಾಲಿನ ಮೇಲಿದೆ. ಅದೇ ಸಾಲನ್ನು ನಾಲ್ಕನೇ ಸಲ ಓದುತ್ತಿದ್ದಾಳೆ, ತಲೆಗೆ ಹತ್ತುತ್ತಿಲ್ಲ. ಯಾರಿಗೂ ತೊಂದರೆ ಕೊಡುವವಳಲ್ಲ, ಹಾಗಾಗಿ ಯಾರೂ ವಿಚಾರಿಸುವುದಿಲ್ಲ. 'ಚುರುಕಿದ್ದಾಳೆ, ಮನಸ್ಸಿಟ್ಟು ಓದಲ್ಲ ಅಷ್ಟೇ' ಅಂತಾರೆ. ಇದನ್ನೇ ಕೇಳುತ್ತಾ ಬೆಳೆದವಳು ಕೊನೆಗೆ ತನ್ನನ್ನು ತಾನೇ ಸೋಮಾರಿ ಅಂದುಕೊಳ್ಳುತ್ತಾಳೆ. ಅದೇ ನನಗೆ ಜಾಸ್ತಿ ಸಂಕಟದ ವಿಷಯ.

ಇಂಥವರು ದೊಡ್ಡವರಾದ ಮೇಲೆ ಏನಾಗುತ್ತಾರೆ ಎಂಬ ಪ್ರಶ್ನೆಗೆ ಕೈಪಿಡಿ ಸರಿಯಾಗಿ ತಿರುಗಿದ್ದು 2013ರಲ್ಲಿ. ಲಕ್ಷಣ 7 ವರ್ಷದೊಳಗೆ ಕಾಣಬೇಕು ಎಂಬ ನಿಯಮ 12 ವರ್ಷಕ್ಕೆ ಸಡಿಲವಾಯಿತು. ಲಕ್ಷಣಗಳಲ್ಲಿ ಎರಡು ಗುಂಪು: ಗಮನ ಕೊರತೆಯದು, ಅತಿಚಟುವಟಿಕೆಯದು. ದೊಡ್ಡವರಿಗೆ ಯಾವುದಾದರೂ ಒಂದು ಗುಂಪಿನಲ್ಲಿ 6ರ ಬದಲು 5 ಲಕ್ಷಣ ಸಾಕು ಅಂತಾಯಿತು. ಇದು ವಂಶದಲ್ಲಿ ಗಟ್ಟಿಯಾಗಿ ಹರಿದುಬರುವ ಸ್ಥಿತಿ. ಮಗುವನ್ನು ವೈದ್ಯರಿಗೆ ತೋರಿಸಲು ಹೋದ ತಂದೆಯೋ ತಾಯಿಯೋ ಅಲ್ಲಿ ಕೇಳುವ ಪ್ರಶ್ನೆಗಳಲ್ಲಿ ತಮ್ಮ ಬಾಲ್ಯವನ್ನೇ ಕಾಣುವುದುಂಟು.

ಹಾಗಾದರೆ ನೆರವಾಗುವುದು ಹೇಗೆ? ಔಷಧಿ ಅನೇಕರಿಗೆ ಕೆಲಸ ಮಾಡುತ್ತದೆ. ಬೇಕೋ ಬೇಡವೋ, ಎಷ್ಟು ಅನ್ನುವುದನ್ನು ವೈದ್ಯರು ನೋಡಿ ಹೇಳಬೇಕು. ಮನೆಯವರು ತಿಳಿಯಬೇಕಾದದ್ದು ಬೇರೆ. ತಾವು ಏನು ಮಾಡಬೇಕು ಅಂತ ಈ ಸ್ಥಿತಿ ಇರುವವರಿಗೆ ಗೊತ್ತಿರುತ್ತದೆ. ಗೊತ್ತಿದ್ದದ್ದನ್ನು ಆ ಹೊತ್ತಿಗೆ ಶುರು ಮಾಡುವುದೇ ಕಷ್ಟ. ಗದರಿದರೆ ಅದು ಹಗುರಾಗುವುದಿಲ್ಲ, ಅಲ್ವಾ? ದೊಡ್ಡ ಕೆಲಸವನ್ನು ತುಂಡು ಮಾಡಿ ಕೊಡಿ. ಬಾಯಲ್ಲಿ ಹೇಳಿದ್ದನ್ನು ಚೀಟಿಯಲ್ಲಿ ಬರೆದು ಕಣ್ಣಿಗೆ ಬೀಳುವ ಕಡೆ ಅಂಟಿಸಿ. 'ಇನ್ನೂ ಮುಗಿದಿಲ್ವಾ' ಅನ್ನುವ ಬದಲು ಹೀಗೆ ಹೇಳಿ ನೋಡಿ: 'ಮೊದಲನೇ ಲೆಕ್ಕ ಮಾತ್ರ ಮಾಡು. ಅಲ್ಲಿವರೆಗೆ ನಾನು ಇಲ್ಲೇ ಕೂತಿರ್ತೀನಿ.'