ಇಡೀ ರಾತ್ರಿಯ ಪಾಠದಿಂದ ಹುಟ್ಟಿದ ಭೂಮಿ ದಿನ

1970ರ ಮಾರ್ಚ್ ತಿಂಗಳು. ಅಮೆರಿಕದ ಆನ್ ಆರ್ಬರ್ ಊರಿನ ಮಿಷಿಗನ್ ವಿಶ್ವವಿದ್ಯಾಲಯದ ಅಂಗಳದಲ್ಲಿ ಒಂದು ಹಳೆಯ ಫೋರ್ಡ್ ಕಾರಿನ ವಿಚಾರಣೆ ನಡೆಯಿತು. ಜನರ ಜೀವ ತೆಗೆಯುತ್ತಿದೆ, ಗಾಳಿ ಕೆಡಿಸುತ್ತಿದೆ, ಟ್ರಾಫಿಕ್ ಜಾಮ್ ಮಾಡುತ್ತಿದೆ, ಬಡವರಿಗೆ ಅನ್ಯಾಯ ಮಾಡುತ್ತಿದೆ ಅಂತ ಅದರ ಮೇಲೆ ಆರೋಪ. ಸುತ್ತ ವಿದ್ಯಾರ್ಥಿಗಳ ಗುಂಪು. ಕಾರಿನ ಪರವಾಗಿಯೂ ವಾದ ನಡೆಯಿತು. ಕೊನೆಗೆ ಅದು ತಪ್ಪಿತಸ್ಥ ಅಂತ ತೀರ್ಪು ಬಂತು. ದೊಡ್ಡ ಸುತ್ತಿಗೆ ಹಿಡಿದು ಕಾರನ್ನು ಅಲ್ಲೇ ಜಜ್ಜಿ ಹಾಕಿದರು.

ಇದು ಸುಮ್ನೆ ಹುಡುಗಾಟ ಅಲ್ಲ. ಮಾರ್ಚ್ 11ರಿಂದ 14ರವರೆಗೆ ಅಲ್ಲಿ ಪರಿಸರದ ಬಗ್ಗೆ ನಾಲ್ಕು ದಿನ ಮಾತುಕತೆ ನಡೆದಿತ್ತು. ವಿದ್ಯಾರ್ಥಿಗಳೇ ಕಟ್ಟಿದ ಎನ್ಯಾಕ್ಟ್ ಎಂಬ ಗುಂಪು ಅದನ್ನು ನಡೆಸಿತು. ಉದ್ಘಾಟನೆಯ ರಾತ್ರಿ ಕ್ರೀಡಾಂಗಣದಲ್ಲಿ 13,000ಕ್ಕೂ ಹೆಚ್ಚು ಜನ ಸೇರಿದ್ದರು. ನಾಲ್ಕೂ ದಿನ ಸೇರಿಸಿದರೆ ಸುಮಾರು 50,000. ರಾಜ್ಯಪಾಲರು ಬಂದರು, ಬ್ಯಾರಿ ಕಾಮನರ್ ಅವರಂಥ ವಿಜ್ಞಾನಿಗಳು ಮಾತಾಡಿದರು, ಹಾಡುಗಾರರು ಹಾಡಿದರು.

ಕ್ಯಾಂಪಸ್ಸಿನಲ್ಲಿ ಒಂದು ಭಾಷಣ ಅಂದರೆ ಇಷ್ಟು ಜನ ಬರುವುದು ಹೇಗೆ? ಅದಕ್ಕೆ ಐದು ವರ್ಷ ಹಿಂದಕ್ಕೆ ಹೋಗಬೇಕು.

1965ರಲ್ಲಿ ವಿಯೆಟ್ನಾಂ ಯುದ್ಧ ಜೋರಾಗುತ್ತಿತ್ತು. ಇದೇ ವಿಶ್ವವಿದ್ಯಾಲಯದ ಕೆಲವು ಮೇಷ್ಟ್ರುಗಳು ಒಂದು ದಿನ ತರಗತಿ ನಿಲ್ಲಿಸಿ ಪ್ರತಿಭಟಿಸುತ್ತೇವೆ ಎಂದರು. ಜನರ ತೆರಿಗೆ ದುಡ್ಡಿನಲ್ಲಿ ನಡೆಯುವ ಸಂಸ್ಥೆ ಅದು. ಪಾಠ ಬಿಟ್ಟು ಮುಷ್ಕರ ಮಾಡುವುದೇ ಅಂತ ಶಾಸಕರು ಸಿಟ್ಟಾದರು. ಆಗ ಮಾನವಶಾಸ್ತ್ರದ ಪ್ರಾಧ್ಯಾಪಕ ಮಾರ್ಷಲ್ ಸಾಲಿನ್ಸ್ ಒಂದು ಉಪಾಯ ಹೇಳಿದರು. ಪಾಠ ನಿಲ್ಲಿಸುವುದು ಬೇಡ, ಇನ್ನೂ ಜಾಸ್ತಿ ಪಾಠ ಮಾಡೋಣ, ಇಡೀ ರಾತ್ರಿ ಮಾಡೋಣ. ಮಾರ್ಚ್ 24ರ ರಾತ್ರಿ ಸುಮಾರು 3,000 ಜನ ಬಂದರು. ಹಾಸ್ಟೆಲಿನ ಹುಡುಗಿಯರಿಗೆ ರಾತ್ರಿ ಹೊರಗಿರಲು ಅವತ್ತು ವಿಶೇಷ ಅನುಮತಿ ಸಿಕ್ಕಿತು. ನಡುವೆ ಬಾಂಬ್ ಬೆದರಿಕೆ ಬಂತು. ಎಲ್ಲರೂ ಚಳಿಯಲ್ಲಿ ಹೊರಗೆ ನಿಂತರು, ಆಮೇಲೆ ಒಳಗೆ ಹೋಗಿ ಮತ್ತೆ ಮಾತು ಮುಂದುವರಿಸಿದರು. ಬೆಳಗಿನವರೆಗೂ ಪ್ರಶ್ನೆ, ವಾದ, ಉತ್ತರ. ಟೀಚ್-ಇನ್ ಎಂಬ ಪದ ಹುಟ್ಟಿದ್ದು ಹೀಗೆ.

ಅದರ ಬಲ ಇದ್ದದ್ದು ವೇದಿಕೆಯಲ್ಲಿ ಅಲ್ಲ, ಪ್ರಶ್ನೆ ಕೇಳಲು ಸಿಕ್ಕ ಸಮಯದಲ್ಲಿ ಅಂತ ನನಗೆ ಅನಿಸುತ್ತದೆ. ಭಾಷಣ ಒಂದು ಗಂಟೆಗೆ ಮುಗಿಯಬಹುದು. ಕೇಳುವವರ ಅನುಮಾನ ಒಂದು ಗಂಟೆಗೆ ಮುಗಿಯುವುದಿಲ್ಲ.

1969ರ ಜನವರಿ 28ರಂದು ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾ ಕಡಲಲ್ಲಿ ಎಣ್ಣೆ ಬಾವಿ ಒಡೆಯಿತು. ದಡದ ತುಂಬ ಕಪ್ಪು ಎಣ್ಣೆ, ಅದರಲ್ಲಿ ಅದ್ದಿಹೋದ ಹಕ್ಕಿಗಳು. ಆ ವರ್ಷ ಆಗಸ್ಟಿನಲ್ಲಿ ಅದನ್ನು ಕಣ್ಣಾರೆ ಕಂಡ ಸೆನೆಟರ್ ಗೇಲಾರ್ಡ್ ನೆಲ್ಸನ್ ವಿಮಾನದಲ್ಲಿ ಬರುವಾಗ ಟೀಚ್-ಇನ್ ಬಗ್ಗೆ ಒಂದು ಲೇಖನ ಓದಿದರು. ಪರಿಸರಕ್ಕೂ ಇದನ್ನೇ ಯಾಕೆ ಮಾಡಬಾರದು? ಸೆಪ್ಟೆಂಬರಿನಲ್ಲಿ ಸಿಯಾಟಲ್‌ನಲ್ಲಿ ಅವರು ಅದನ್ನು ಘೋಷಿಸಿದರು. 25 ವರ್ಷದ ಡೆನಿಸ್ ಹೇಯ್ಸ್ ಸಂಘಟನೆಯ ಹೊಣೆ ಹೊತ್ತರು. ವಿದ್ಯಾರ್ಥಿಗಳಿಗೆ ರಜೆಯೂ ಅಡ್ಡ ಬರಬಾರದು, ಪರೀಕ್ಷೆಯೂ ಅಡ್ಡ ಬರಬಾರದು ಅಂತ 1970ರ ಏಪ್ರಿಲ್ 22 ನಿಗದಿಯಾಯಿತು. ಮಿಷಿಗನ್‌ನವರಿಗೆ ಮಾತ್ರ ಆ ಹೊತ್ತಿಗೆ ಪರೀಕ್ಷೆ. ಹಾಗಾಗಿ ಅವರು ಮಾರ್ಚಿನಲ್ಲೇ ಮುಗಿಸಿದರು. ಉಳಿದ ಊರುಗಳಿಗೆ ಅದೇ ಮಾದರಿಯಾಯಿತು. ಏಪ್ರಿಲ್ 22ರಂದು ದೇಶದ ಉದ್ದಗಲಕ್ಕೂ ಸುಮಾರು 2 ಕೋಟಿ ಜನ ಸೇರಿದರು. ಅದೇ ಡಿಸೆಂಬರ್ ಹೊತ್ತಿಗೆ ಅಮೆರಿಕದಲ್ಲಿ ಪರಿಸರ ಸಂರಕ್ಷಣೆಗೇ ಒಂದು ಸರ್ಕಾರಿ ಸಂಸ್ಥೆ ಬಂತು. ನಾವು ಇವತ್ತು ಭೂಮಿ ದಿನ ಅಂತ ಕರೆಯುವುದು ಈ ಏಪ್ರಿಲ್ 22ನ್ನೇ.

ಆದರೆ ಅವತ್ತಿನ ಮಾತಿನಲ್ಲಿ ಹೊಗೆ, ಕೊಳಕು ನದಿ, ಡಿಡಿಟಿ ಎಂಬ ಕೀಟನಾಶಕ, ಕಸ ಇವೇ ಜಾಸ್ತಿ. ಭೂಮಿ ಬಿಸಿಯಾಗುತ್ತಿರುವ ಸಂಗತಿ ಹೆಚ್ಚೇನೂ ಕೇಳಿಬರಲಿಲ್ಲ. ಗೊತ್ತಿರಲಿಲ್ಲ ಅಂತಲ್ಲ. 1959ರ ನವೆಂಬರಿನಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನಿ ಎಡ್ವರ್ಡ್ ಟೆಲ್ಲರ್ ಇದನ್ನೇ ಹೇಳಿದ್ದರು. ಕಲ್ಲಿದ್ದಲು, ಎಣ್ಣೆ ಸುಟ್ಟರೆ ಇಂಗಾಲದ ಡೈಆಕ್ಸೈಡ್ ಹೆಚ್ಚುತ್ತದೆ, ಅದು ಶಾಖವನ್ನು ಹಿಡಿದಿಡುತ್ತದೆ, ಹಿಮ ಕರಗಿ ಕಡಲ ತೀರದ ಊರುಗಳು ಮುಳುಗಬಹುದು ಎಂದಿದ್ದರು. ಅದು ಅಮೆರಿಕದ ತೈಲ ಉದ್ಯಮಕ್ಕೆ ನೂರು ವರ್ಷ ತುಂಬಿದ ಸಮಾರಂಭ. ಕೇಳುತ್ತಾ ಕೂತಿದ್ದವರು ಆ ಉದ್ಯಮದ ದೊಡ್ಡವರು, ಅಧಿಕಾರಿಗಳು, ವಿಜ್ಞಾನಿಗಳು. ವಿಶ್ವವಿದ್ಯಾಲಯದಲ್ಲೇ ಆಡಿದ ಮಾತು, ಆದರೆ ಊರಿನವರ ಕಿವಿಗೆ ಬೀಳಲಿಲ್ಲ. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ವಿಜ್ಞಾನಿ ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಅಳತೆ ಶುರು ಮಾಡಿದಾಗ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 313 ಭಾಗ ಇತ್ತು. ಈಗ 420 ದಾಟಿದೆ.

ಟೀಚ್-ಇನ್ ಆಮೇಲೂ ಬಂತು. 2008ರ ಜನವರಿ 31ರಂದು ಅಮೆರಿಕದ ನೂರಾರು ಕಾಲೇಜುಗಳು, 2022ರ ಮಾರ್ಚ್ 30ರಂದು ಬೇರೆ ಬೇರೆ ದೇಶಗಳ ಕ್ಯಾಂಪಸ್ಸುಗಳು ಹವಾಮಾನ ಬದಲಾವಣೆಯನ್ನೇ ವಿಷಯ ಮಾಡಿಕೊಂಡವು.

ನಮ್ಮಲ್ಲಿ ಇದು ಬೇರೆ ದಾರಿಯಲ್ಲಿ ಬಂತು. ವಕೀಲ ಎಂ.ಸಿ. ಮೆಹ್ತಾ ಹಾಕಿದ್ದ ಅರ್ಜಿಯ ಮೇಲೆ 1991ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಪರಿಸರ ಪಾಠ ಎಲ್ಲ ಹಂತದಲ್ಲೂ ಇರಲಿ ಎಂದಿತು. 2003ರಲ್ಲಿ ಕೋರ್ಟ್ ಮತ್ತೆ ಎಚ್ಚರಿಸಿತು. ಆಮೇಲೆ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಎಲ್ಲ ಪದವಿ ವಿದ್ಯಾರ್ಥಿಗಳಿಗೂ ಆರು ತಿಂಗಳ ಪಠ್ಯವನ್ನು ಕಡ್ಡಾಯ ಮಾಡಿತು. ಒಳ್ಳೆಯ ಕೆಲಸ. ಆದರೆ ಪರೀಕ್ಷೆಯ ಪೇಪರ್ ಆದ ಮೇಲೆ ಹೆಚ್ಚಿನ ಮಕ್ಕಳಿಗೆ ಅದು ಪಾಸಾದರೆ ಸಾಕು ಎನ್ನುವ ವಿಷಯವಾಗಿಬಿಟ್ಟಿತು.

ಬೇಸರ ಆಗುವುದು ಯಾಕೆಂದರೆ, ಬಾಗಿಲು ತೆರೆದು ಜನರ ಹತ್ತಿರ ಹೋಗುವುದು ಕನ್ನಡದ ವಿಶ್ವವಿದ್ಯಾಲಯಗಳಿಗೆ ಹೊಸದಲ್ಲ. ಮೈಸೂರು ವಿಶ್ವವಿದ್ಯಾಲಯದ ಪ್ರಚಾರೋಪನ್ಯಾಸ ಮಾಲೆ ನೆನಪಿದೆ ಅಲ್ವಾ? ಮೇಷ್ಟ್ರುಗಳು ಹಳ್ಳಿ, ಪೇಟೆಗಳಿಗೆ ಹೋಗಿ ವಿಜ್ಞಾನ, ಆರೋಗ್ಯ, ಸಾಹಿತ್ಯ ಎಲ್ಲವನ್ನೂ ಕನ್ನಡದಲ್ಲಿ ಹೇಳುತ್ತಿದ್ದರು. ಆ ಮಾತುಗಳು ಕಡಿಮೆ ಬೆಲೆಯ ಪುಟ್ಟ ಪುಸ್ತಕಗಳಾಗಿ ಬರುತ್ತಿದ್ದವು.

ಕೆಲವು ವರ್ಷದ ಹಿಂದೆ ಮಲೆನಾಡಿನ ಒಂದು ಕಾಲೇಜಿಗೆ ಜೂನ್ 5ರ ವಿಶ್ವ ಪರಿಸರ ದಿನದ ಕಾರ್ಯಕ್ರಮಕ್ಕೆ ಹೋಗಿದ್ದೆ. ವಿಶ್ವವಿದ್ಯಾಲಯದಿಂದ ಬಂದ ಪ್ರಾಧ್ಯಾಪಕರೊಬ್ಬರು ಹವಾಮಾನ ಬದಲಾವಣೆ ಬಗ್ಗೆ ಮಾತಾಡಿದರು. ಪರದೆ ಮೇಲೆ ಇಡೀ ಭೂಮಿಯ ನಕ್ಷೆ, ಕೆಂಪು ಗೆರೆಗಳು. ಕೊನೆಯ ಸಾಲಿನಿಂದ ಅಡಿಕೆ ಬೆಳೆಗಾರರೊಬ್ಬರು ಎದ್ದು ನಿಂತರು. "ಕೊಳೆ ರೋಗಕ್ಕೆ ಮೊದಲನೇ ಮದ್ದು ಹೊಡೆಸಿ ಆಯ್ತು ಸಾರ್. ಎರಡನೇದಕ್ಕೆ ಹೋದ ವರ್ಷ ಮಳೆ ಬಿಡುವೇ ಕೊಡಲಿಲ್ಲ. ಬಿಡುವು ಸಿಕ್ಕ ದಿನ ಮರ ಹತ್ತೋರು ಸಿಗಲಿಲ್ಲ. ಈ ವರ್ಷ ಯಾವಾಗ ಹೊಡೆಸಲಿ?"

ಕೊಳೆ ರೋಗದ ಮದ್ದು ಅಂದರೆ ಮೈಲುತುತ್ತ, ಸುಣ್ಣ ಕಲಸಿ ಮಾಡಿದ ಬೋರ್ಡೋ ದ್ರಾವಣ. ಅದು ಅಡಿಕೆ ಗೊನೆಯ ಮೇಲೆ ಒಣಗಿ ಅಂಟಲು ಮಳೆಯಿಲ್ಲದ ಕೆಲವು ಗಂಟೆಗಳು ಬೇಕು. ಮಳೆಯ ಹದ ತಪ್ಪಿದರೆ ಆ ಗಂಟೆಗಳೇ ಸಿಗುವುದಿಲ್ಲ.

ನಿರೂಪಕರು ಸಮಯ ಆಯ್ತು, ಚಹಾ ಇದೆ ಎಂದರು. ಪ್ರಾಧ್ಯಾಪಕರು ಲ್ಯಾಪ್‌ಟಾಪ್ ಮುಚ್ಚಿ ಕೆಳಗಿಳಿದು ಬಂದರು. ಕುರ್ಚಿ ಎಳೆದುಕೊಂಡು ಆ ಬೆಳೆಗಾರರ ಪಕ್ಕ ಕೂತರು. ಬೆಳೆಗಾರರು ಚೀಲದಿಂದ ಒಂದು ಡೈರಿ ತೆಗೆದರು. ಅಂಗಳದ ಮಳೆಮಾಪಕದಲ್ಲಿ ದಿನಾ ಬೆಳಿಗ್ಗೆ ನೋಡಿ ಬರೆದ ಲೆಕ್ಕ, ಅವರ ತಂದೆಯ ಕಾಲದಿಂದ ಬಂದ ಅಭ್ಯಾಸ. ಹಾಲ್‌ನಲ್ಲಿ ಹುಡುಗರು ಕುರ್ಚಿ ಜೋಡಿಸಿಡುತ್ತಿದ್ದರು. ಪ್ರಾಧ್ಯಾಪಕರು ಪೆನ್ನು ತೆಗೆದು, "ಹಿಂದಿನ ವರ್ಷಗಳದ್ದೂ ಮನೆಯಲ್ಲಿ ಇದೆಯಾ?" ಅಂತ ಕೇಳಿದರು.