ಕೊಕ್ಕರೆ ರೋಗಕ್ಕೆ ಬ್ಯಾಕ್ಟೀರಿಯಾದಲ್ಲಿ ತಯಾರಿಸುವ ಲಸಿಕೆ ಏಕೆ ಕೈಗೂಡಿಲ್ಲ?

ಹಸಿರು ಭೇದಿ, ಜೋತುಬಿದ್ದ ರೆಕ್ಕೆ, ತಿರುಚಿಕೊಂಡ ಕತ್ತು. ತೀರ್ಥಹಳ್ಳಿ, ಹೊಸನಗರದ ಕಡೆ ನಾಟಿಕೋಳಿ ಸಾಕುವ ಯಾರಿಗೂ ಈ ಲಕ್ಷಣಗಳನ್ನು ವಿವರಿಸಬೇಕಿಲ್ಲ. ವೈರಸ್ಸಿನಿಂದ ಬರುವ ಕೊಕ್ಕರೆ ರೋಗ (ರಾಣಿಖೇತ್ ರೋಗ) ಹಿತ್ತಲು ಹೊಕ್ಕರೆ ಕೆಲವೇ ದಿನಗಳಲ್ಲಿ ಗೂಡು ಬರಿದು.

ಭಾರತದಲ್ಲಿ ಇದನ್ನು ಮೊದಲು ಗುರುತಿಸಿದ್ದು 1927ರಲ್ಲಿ, ಕುಮಾವೂಂ ಬೆಟ್ಟದ ರಾಣಿಖೇತ್‌ನಲ್ಲಿ. ಅದೇ ಸೀಮೆಯ ಮುಕ್ತೇಶ್ವರದಲ್ಲಿ 1940ರ ದಶಕದಲ್ಲಿ ರೂಪುಗೊಂಡ ಆರ್‌2ಬಿ ಲಸಿಕೆಯನ್ನು ಎಂಟು ವಾರದ ಕೋಳಿಗೆ ಇಂದಿಗೂ ಚುಚ್ಚುತ್ತಾರೆ. ಭ್ರೂಣವಿರುವ ಮೊಟ್ಟೆಯೊಳಗೆ ವೈರಸ್ ಬೆಳೆಸಿ, ದ್ರವ ತೆಗೆದು, ಒಣಗಿಸಿ ಸೀಸೆಗೆ ತುಂಬುವ ವಿಧಾನ. ಲಸಿಕೆ ಒಳ್ಳೆಯದೇ. ಆದರೆ ಅದರಲ್ಲಿರುವುದು ಜೀವಂತ ವೈರಸ್. ತಂಪು ತಪ್ಪಿದರೆ ಕೆಟ್ಟಿತು. ನೂರು ಕೋಳಿಯ ಸೀಸೆಯನ್ನು ಕರಗಿಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಗುಡ್ಡಕ್ಕೊಂದು ಮನೆ, ಮನೆಗೆ ಹತ್ತು ಕೋಳಿ ಇರುವ ಮಲೆನಾಡಿನಲ್ಲಿ ಇದು ಆಗುವ ಮಾತೇ?

ಎಲ್ಲ ಕೋಳಿ ವೈರಸ್‌ಗಳೂ ಮೊಟ್ಟೆಗೆ ಸುಲಭವಾಗಿ ಒಗ್ಗಲಿಲ್ಲ. 1987ರಲ್ಲಿ ಕರಾಚಿ ಬಳಿ ಕಾಣಿಸಿಕೊಂಡು, ಮುಂದೆ ಭಾರತಕ್ಕೂ ಬಂದ ಲೀಚಿ ರೋಗದಲ್ಲಿ ಹೃದಯದ ಸುತ್ತ ನೀರು ತುಂಬುತ್ತದೆ. ಅದಕ್ಕೆ ಮೊದಲು ಸಿಕ್ಕ ಲಸಿಕೆ, ರೋಗ ತಗುಲಿದ ಕೋಳಿಗಳ ಯಕೃತ್ತನ್ನು ಅರೆದು ಫಾರ್ಮಾಲಿನ್ ಬೆರೆಸಿದ ದ್ರವ! ಅದು ಕೋಳಿ ಉಳಿಸಿತು, ನಿಜ. ಅದರ ಜೊತೆ ಬೇರೆ ಸೋಂಕು ಸಾಗುವ ಭಯವೂ ಇತ್ತು.

ವೈರಸ್ಸನ್ನೇ ಮುಟ್ಟದೆ ಲಸಿಕೆ ಮಾಡುವ ಆಸೆ ಹುಟ್ಟಿದ್ದು ಇಂಥ ಇಕ್ಕಟ್ಟುಗಳಿಂದ. 1978ರಲ್ಲಿ ಇ. ಕೋಲಿ ಬ್ಯಾಕ್ಟೀರಿಯಾ ಮಾನವ ಇನ್ಸುಲಿನ್ ತಯಾರಿಸಿತು. 1981ರಲ್ಲಿ ಅಮೆರಿಕದ ವಿಜ್ಞಾನಿಗಳು ಕಾಲುಬಾಯಿ ರೋಗದ ವೈರಸ್ಸಿನ ಒಂದು ಪ್ರೋಟೀನನ್ನು ಅದರಲ್ಲೇ ಬೆಳೆಸಿ ದನ, ಹಂದಿಗಳ ಮೇಲೆ ಪರೀಕ್ಷಿಸಿದರು. ವೈರಸ್ಸಿನ ಒಂದು ಜೀನನ್ನು ಬ್ಯಾಕ್ಟೀರಿಯಾಕ್ಕೆ ಸೇರಿಸಿದರೆ, ಕೆಲವೇ ಗಂಟೆಗಳಲ್ಲಿ ಪ್ರೋಟೀನ್ ರಾಶಿ ಬೀಳುತ್ತದೆ.

ತೊಡಕು ಇಲ್ಲೇ ಇದೆ. ಅವಸರದಲ್ಲಿ ತಯಾರಾದ ಪ್ರೋಟೀನ್ ಹಲವು ಬಾರಿ ಸರಿಯಾಗಿ ಮಡಚಿಕೊಳ್ಳದೆ ಕರಗದ ಬಿಳಿ ಗಸಿಯಾಗಿ ಕೊಳವೆಯ ತಳಕ್ಕೆ ಅಂಟುತ್ತದೆ. ಯೂರಿಯಾ ಹಾಕಿ ಕರಗಿಸಬಹುದು. ಬಳಿಕ ಯೂರಿಯಾವನ್ನು ನಿಧಾನವಾಗಿ ತೆಗೆಯುತ್ತಾ ಮೂಲ ಆಕಾರಕ್ಕೆ ತರಬೇಕು. ಆಕಾರ ತಪ್ಪಿದರೆ ಕೋಳಿಯ ದೇಹ ತಯಾರಿಸುವ ಪ್ರತಿಕಾಯಗಳು ನಿಜವಾದ ವೈರಸ್ಸನ್ನು ಗುರುತಿಸುವುದಿಲ್ಲ. ಕೊಕ್ಕರೆ ರೋಗದ ವೈರಸ್ಸಿನ ಮುಖ್ಯ ಪ್ರೋಟೀನ್‌ಗಳ ಮೈಮೇಲೆ ಸಕ್ಕರೆಯ ಸರಪಳಿಗಳೂ ಇವೆ. ಅವನ್ನು ಜೋಡಿಸುವ ಶಕ್ತಿ ಇ. ಕೋಲಿಗಿಲ್ಲ. ಅಂಥ ಸರಪಳಿಯ ಹಂಗಿಲ್ಲದ, ಅಡಿನೋವೈರಸ್ ಎಂಬ ಗುಂಪಿನ ವೈರಸ್‌ಗಳಲ್ಲಿ ದಾರಿ ತೆರೆಯಿತು: ಮೊಟ್ಟೆ ಇಳುವರಿ ಕುಸಿಯುವ ರೋಗಕ್ಕೆ ಇಸ್ರೇಲ್‌ನಲ್ಲಿ, ಬಳಿಕ ಪ್ರಯೋಗಗಳಲ್ಲಿ ಲೀಚಿ ರೋಗಕ್ಕೂ ಬ್ಯಾಕ್ಟೀರಿಯಾದ ಪ್ರೋಟೀನ್ ರಕ್ಷಣೆ ಕೊಟ್ಟಿತು.

ಅದು ದೊಡ್ಡ ಶೆಡ್‌ಗಳಿಗೆ ವರ. ಹಿತ್ತಲ ಕೋಳಿಗೆ ಅಷ್ಟು ಬೇಗ ಒದಗದು. ಪ್ರೋಟೀನ್ ಲಸಿಕೆಗೆ, ಅದರ ಪರಿಣಾಮ ಹೆಚ್ಚಿಸುವ ಎಣ್ಣೆಯಂಥ ಪೂರಕ ಬೆರೆಸಿ ಒಂದೊಂದನ್ನೂ ಹಿಡಿದು ಚುಚ್ಚಬೇಕು. ಅದಕ್ಕಿಂತ, ಆಸ್ಟ್ರೇಲಿಯಾದಲ್ಲಿ ಆಯ್ದು ಆಫ್ರಿಕಾದ ಹಳ್ಳಿಗಳಲ್ಲಿ ಕಣ್ಣಿಗೆ ಹನಿಸುವ, ಬಿಸಿ ತಾಳುವ ಐ-2 ವೈರಸ್ ತಳಿಯಂಥ ಲಸಿಕೆ ಇಪ್ಪತ್ತು ಕೋಳಿಗಾಗುವ ಸಣ್ಣ ಸೀಸೆಯಲ್ಲಿ ಸಿಗಲಿ ಎಂದು ನಾನು ಒತ್ತಾಯಿಸುತ್ತೇನೆ. ಶಿವಮೊಗ್ಗದಲ್ಲೇ ಪಶುವೈದ್ಯಕೀಯ ಕಾಲೇಜಿದೆ. ಅಂಥ ಸೀಸೆಯ ಪರೀಕ್ಷೆ ಇಲ್ಲಿನ ಹಿತ್ತಲುಗಳಲ್ಲೇ ನಡೆಯಬಹುದು.