ಆರ್ಗನ್ 2 ಎಂಬ ಸಿದ್ಧ ನಾದ

ಕೀಬೋರ್ಡ್ ಪ್ರೋಗ್ರಾಮಿಂಗ್, ಅಂದರೆ ಸಂಗೀತದ ಕೀಬೋರ್ಡಿನಲ್ಲಿ ಹಾಡಿಗೆ ನಾದ ಜೋಡಿಸುವುದನ್ನು ಕಲಿಯಲು ನನ್ನಲ್ಲಿಗೆ ಬರುವ ಹುಡುಗರು ಮೊದಲ ವಾರದಲ್ಲೇ ಕೇಳುತ್ತಾರೆ: "ಸರ್, ಡಾನ್ಸ್ ಹಾಡುಗಳ ಆ ಆರ್ಗನ್ ಸೌಂಡ್ ಯಾವ ಪ್ಲಗಿನ್‌ನಲ್ಲಿ ಸಿಗುತ್ತದೆ?" ಪ್ಲಗಿನ್ ಎಂದರೆ ಕಂಪ್ಯೂಟರಿನಲ್ಲಿ ವಾದ್ಯದ ನಾದ ಕೊಡುವ ತಂತ್ರಾಂಶ. ಅದಕ್ಕೆ ಉತ್ತರ ಹೇಳುವ ಮೊದಲು ನಾನು ರಾಬಿನ್ ಎಸ್ ಹಾಡಿದ 'ಶೋ ಮಿ ಲವ್' ಗೀತೆಯ ಎರಡು ರೂಪಗಳನ್ನು ಒಂದರ ಹಿಂದೆ ಒಂದು ಕೇಳಿಸುತ್ತೇನೆ. ಹಾಡು ಒಂದೇ, ಕಂಠವೂ ಒಂದೇ. ಮೊದಲನೆಯದನ್ನು ಕೇಳುವಾಗ ಹುಡುಗರು ಮೊಬೈಲ್ ನೋಡುತ್ತಿರುತ್ತಾರೆ. ಎರಡನೆಯದು ಶುರುವಾಗಿ ಅರ್ಧ ನಿಮಿಷ ಕಳೆಯುವಷ್ಟರಲ್ಲಿ ಯಾರದೋ ಕಾಲು ನೆಲ ತಟ್ಟತೊಡಗಿರುತ್ತದೆ.

ಮೊದಲ ರೂಪ 1990ರದು. ಅಲೆನ್ ಜಾರ್ಜ್ ಮತ್ತು ಫ್ರೆಡ್ ಮೆಕ್‌ಫಾರ್ಲೇನ್ ರಚಿಸಿದ ಗೀತೆಯನ್ನು ಬ್ರಿಟನ್ನಿನ ಚಾಂಪಿಯನ್ ರೆಕಾರ್ಡ್ಸ್ ಹೊರತಂದಿತು. ನ್ಯೂಯಾರ್ಕಿನ ಕ್ವೀನ್ಸ್ ಕಡೆಯ ಗಾಯಕಿ ರಾಬಿನ್ ಎಸ್. ಹಾಡು ಮುದ್ರಿಸಿದ ದಿನ ತಮಗೆ ಫ್ಲೂ ಇತ್ತೆಂದು ಅವರೇ ಹೇಳಿಕೊಂಡಿದ್ದಾರೆ. ಆ ಬಳಲಿದ ಗಂಟಲಿನಿಂದ ಎಂಥ ಕೂಗು ಹೊರಟಿದೆ ಎಂದು ನನಗೆ ಈಗಲೂ ಬೆರಗು. ಆದರೂ ಹಾಡು ಸದ್ದಿಲ್ಲದೆ ಹೋಯಿತು. 1992ರಲ್ಲಿ ಸ್ಟೋನ್‌ಬ್ರಿಜ್ ಎಂಬ ಹೆಸರಿನಲ್ಲಿ ಕೆಲಸ ಮಾಡುವ ಸ್ವೀಡನ್ನಿನ ಡಿಜೆ ಇದನ್ನು ರೀಮಿಕ್ಸ್ ಮಾಡಲು ಕೈಗೆತ್ತಿಕೊಂಡರು. ಅವರ ಮೊದಲ ಯತ್ನ ಕಂಪನಿಗೆ ಹಿಡಿಸಲಿಲ್ಲ. ಆಗ ಅವರು ಹೊಸದಾಗಿ ಏನನ್ನೂ ಸೇರಿಸಲು ಹೋಗದೆ ಇದ್ದುದನ್ನೆಲ್ಲ ತೆಗೆದುಹಾಕಿದರು. ಕಂಠ ಮತ್ತು ತಾಳದ ದಪ್ಪ ಪೆಟ್ಟು ಕೊಡುವ ಕಿಕ್ ಡ್ರಮ್ ಮಾತ್ರ ಉಳಿದವು. ಆ ಬಯಲಿನಲ್ಲಿ ಕೋರ್ಗ್ ಎಂ1 ಕೀಬೋರ್ಡಿನ 'ಆರ್ಗನ್ 2' ಎಂಬ ನಾದದಿಂದ ಬಾಸ್, ಅಂದರೆ ಮಂದ್ರದ ಸ್ವರಸಾಲು, ನುಡಿಸಿದರು.

ಎಂ1 ಬಂದದ್ದು 1988ರಲ್ಲಿ. 'ಆರ್ಗನ್ 2' ಅದರೊಳಗೆ ಕಾರ್ಖಾನೆಯಲ್ಲೇ ತುಂಬಿಕೊಟ್ಟ ಸಿದ್ಧ ನಾದ, ನಮ್ಮ ಕಸುಬಿನ ಭಾಷೆಯಲ್ಲಿ ಪ್ರೀಸೆಟ್. ಆ ಯಂತ್ರ ಕೊಂಡ ಪ್ರತಿಯೊಬ್ಬರ ಮನೆಯಲ್ಲೂ ಅದು ಇತ್ತು. ಪ್ರೀಸೆಟ್ ಬಳಸುವುದು ಸೋಮಾರಿತನ ಎಂದು ಮೂಗು ಮುರಿಯುವವರಿದ್ದಾರೆ. ನಾನೂ ಒಂದು ಕಾಲಕ್ಕೆ ಹಾಗೆಯೇ ಮುರಿಯುತ್ತಿದ್ದೆ.

ಹಾರ್ಮೋನಿಯಂನಲ್ಲಿ ತಿದಿಯ ಗಾಳಿ ತುಂಬಿದಂತೆ ಸ್ವರ ಮೆಲ್ಲನೆ ಮೈತುಂಬಿಕೊಳ್ಳುತ್ತದೆ. ಆರ್ಗನ್ 2 ಹಾಗಲ್ಲ. ಕೀಲಿ ಒತ್ತಿದೊಡನೆ ಮರದ ಬಾಗಿಲು ತಟ್ಟಿದ ಹಾಗೆ 'ಟಕ್' ಎನ್ನುತ್ತದೆ, ಅದರ ಬೆನ್ನಿಗೆ ಸ್ವರ. ಹೀಗಾಗಿ ಒಂದೇ ವಾದ್ಯ ಸ್ವರವನ್ನೂ ಕೊಡುತ್ತದೆ, ಲಯವನ್ನೂ ಕೊಡುತ್ತದೆ. ಷಿಕಾಗೊದ ಕ್ಲಬ್ಬುಗಳಲ್ಲಿ ಹುಟ್ಟಿದ ಕುಣಿತದ ಸಂಗೀತವಾದ ಹೌಸ್‌ನಲ್ಲಿ, ಈ ಹಾಡೂ ಅದೇ ಬಗೆಯದು, ನಿಮಿಷಕ್ಕೆ ಸುಮಾರು 120 ಪೆಟ್ಟಿನ ವೇಗದಲ್ಲಿ ಕಿಕ್ ನಾಲ್ಕಕ್ಕೆ ನಾಲ್ಕೂ ಪೆಟ್ಟಿನ ಮೇಲೇ ಬೀಳುತ್ತದೆ. ಈ ಹಾಡಿನ ಬಾಸ್ ಮಾತ್ರ ಪೆಟ್ಟುಗಳ ನಡುವಿನ ಸಂದಿಯಲ್ಲಿ ನುಸುಳುತ್ತಿರುತ್ತದೆ. ಕಛೇರಿ ಕೇಳಿ ಬೆಳೆದವರಿಗೆ ಅನಾಗತ ಎಡುಪು ಎಂದರೆ ತಟ್ಟನೆ ಹೊಳೆಯುತ್ತದೆ: ತಾಳ ಒಂದು ಕಡೆ ಬಿದ್ದಿರುತ್ತದೆ, ಸ್ವರ ಸ್ವಲ್ಪ ತಡೆದು ಬರುತ್ತದೆ, ಆ ಅಂತರವನ್ನು ಮೈ ತುಂಬುತ್ತದೆ. ಹೋಲಿಕೆ ಇಷ್ಟಕ್ಕೇ, ಇದನ್ನು ಹಿಡಿದುಕೊಂಡು ಷಿಕಾಗೊದಲ್ಲಿ ಆದಿತಾಳ ಹುಡುಕಲು ಹೋಗಬೇಡಿ.

ತರಗತಿಯಲ್ಲಿ ಇನ್ನೊಂದು ಪ್ರಯೋಗ ಮಾಡಿಸುತ್ತೇನೆ. ಅದೇ ಬಾಸ್ ಸಾಲನ್ನು ಶುದ್ಧ ಸೈನ್ ಅಲೆಯಲ್ಲಿ, ಅಂದರೆ ಉಪಸ್ವರಗಳೇ ಇಲ್ಲದ ಬರಿಯ ಮೂಲಸ್ವರದಲ್ಲಿ, ನುಡಿಸಿ ಮೊಬೈಲಿನ ಸ್ಪೀಕರಿನಲ್ಲಿ ಹಾಕಿದರೆ ಹೆಚ್ಚುಕಡಿಮೆ ಏನೂ ಕೇಳಿಸುವುದಿಲ್ಲ. ಅಷ್ಟು ಚಿಕ್ಕ ಸ್ಪೀಕರಿಗೆ ಮಂದ್ರ ಹೊರಡಿಸುವ ಶಕ್ತಿಯಿಲ್ಲ. ಆರ್ಗನ್ 2ರಲ್ಲಿ ನುಡಿಸಿದರೆ ಅದೇ ಸ್ಪೀಕರಿನಲ್ಲಿ ಪ್ರತಿ ಸ್ವರವೂ ಬಿಡಿಬಿಡಿಯಾಗಿ ಕೇಳುತ್ತದೆ. ಮೂಲಸ್ವರದ ಮೇಲೆ ಏರಿ ಕುಳಿತ ಉಪಸ್ವರಗಳು ಇದರಲ್ಲಿ ಬಲವಾಗಿವೆ. ಅವು ಕಿವಿಗೆ ಬಿದ್ದರೆ ಸಾಕು, ಕೆಳಗಿನ ಸ್ವರವನ್ನು ಮಿದುಳೇ ಊಹಿಸಿಕೊಳ್ಳುತ್ತದೆ. ಕ್ಲಬ್ಬಿನ ದೊಡ್ಡ ಸ್ಪೀಕರುಗಳಿಗಾಗಿ ಮಾಡಿದ ಹಾಡು ಅಡುಗೆಮನೆಯ ರೇಡಿಯೊದಲ್ಲೂ ಸೊರಗಲಿಲ್ಲವೆಂದರೆ ಅದಕ್ಕೆ ಇದೂ ಒಂದು ಕಾರಣ ಎಂಬುದು ನನ್ನ ಲೆಕ್ಕ.

1993ರಲ್ಲಿ ಈ ರೂಪ ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ಡಾನ್ಸ್ ಕ್ಲಬ್ ಪಟ್ಟಿಯಲ್ಲಿ ಒಂದನೆಯ ಸ್ಥಾನಕ್ಕೇರಿತು. ಸಾಮಾನ್ಯ ಪಟ್ಟಿಯಾದ ಹಾಟ್ 100ರಲ್ಲಿ 5ನೆಯ ಸ್ಥಾನ, ಬ್ರಿಟನ್ನಿನ ಸಿಂಗಲ್ಸ್ ಪಟ್ಟಿಯಲ್ಲಿ 6ನೆಯ ಸ್ಥಾನ. ಈ ಅಂಕಿಗಳನ್ನು ಒಂದೇ ತಕ್ಕಡಿಯಲ್ಲಿ ತೂಗಬಾರದು. ಬ್ರಿಟನ್ನಿನದು ಆಗ ಮಾರಾಟದ ಲೆಕ್ಕವಾಗಿತ್ತು. ಹಾಟ್ 100ರಲ್ಲಿ ಮಾರಾಟದ ಜೊತೆಗೆ ರೇಡಿಯೊ ಪ್ರಸಾರವೂ ಸೇರುತ್ತಿತ್ತು. ಡಾನ್ಸ್ ಕ್ಲಬ್ ಪಟ್ಟಿ ಇವೆರಡರಂತೆಯೂ ಅಲ್ಲ: ಯಾವ ಹಾಡಿಗೆ ಜನ ಕುಣಿದರು ಎಂದು ಕ್ಲಬ್ಬಿನ ಡಿಜೆಗಳೇ ಕಳಿಸಿದ ವರದಿಯಿಂದ ಅದು ತಯಾರಾಗುತ್ತಿತ್ತು. 1974ರಲ್ಲಿ ನ್ಯೂಯಾರ್ಕಿನ ಡಿಸ್ಕೊಗಳಿಂದ ಆರಂಭವಾದ ಆ ಪದ್ಧತಿ, ಕೋವಿಡ್‌ನಿಂದ ಕ್ಲಬ್ಬುಗಳಿಗೆ ಬೀಗ ಬಿದ್ದಾಗ, 2020ರ ಮಾರ್ಚಿನಲ್ಲಿ ನಿಂತಿತು. ಕುಣಿಯುವವರೇ ಇಲ್ಲದಿದ್ದರೆ ವರದಿ ಎಲ್ಲಿಂದ ಬರಬೇಕು?

ಅಂದರೆ ಆ ಪಟ್ಟಿಯಲ್ಲಿ ಮೇಲೇರಬೇಕಾದರೆ ಹಾಡು ಮೊದಲು ಡಿಜೆಗೆ ಒದಗಬೇಕು. ಅದಕ್ಕೇ ಕ್ಲಬ್ಬಿನ ರೂಪಗಳು ಬರಿಯ ತಾಳದಿಂದ ಆರಂಭವಾಗುತ್ತವೆ. ಹಿಂದಿನ ಹಾಡು ಮುಗಿಯುವ ಮುನ್ನವೇ ಇದರ ತಾಳವನ್ನು ಅದರ ತಾಳಕ್ಕೆ ಬೆಸೆಯಲು ಅಷ್ಟು ಜಾಗ ಬೇಕು. ನನ್ನ ವಿದ್ಯಾರ್ಥಿಗಳು ಮೊದಲ ಕ್ಷಣದಿಂದಲೇ ಸ್ಟ್ರಿಂಗ್ಸ್, ಕೋರಸ್, ಕೊಳಲು ಎಲ್ಲವನ್ನೂ ಸುರಿದು ತರುತ್ತಾರೆ. ಮನೆಯಲ್ಲಿ ಕೇಳಲು ಚೆನ್ನ. ಡಿಜೆಗೆ ಮಾತ್ರ ಅದು ಹಿಡಿಯಿಲ್ಲದ ಬಾಣಲೆ.

2022ರಲ್ಲಿ ಅಮೆರಿಕದ ಗಾಯಕಿ ಬಿಯಾನ್ಸೆಯ, 'ಶೋ ಮಿ ಲವ್'ನ ಛಾಯೆಯಿರುವ 'ಬ್ರೇಕ್ ಮೈ ಸೋಲ್' ಹಾಟ್ 100ರಲ್ಲಿ ಮೊದಲ ಸ್ಥಾನಕ್ಕೆ ಬಂದಾಗ ಅದರ ರಚನಕಾರರ ಸಾಲಿನಲ್ಲಿ ಜಾರ್ಜ್ ಮತ್ತು ಮೆಕ್‌ಫಾರ್ಲೇನ್ ಹೆಸರುಗಳಿದ್ದವು. ಸಾಮಾನ್ಯವಾಗಿ ರೀಮಿಕ್ಸ್ ಮಾಡಿದವರಿಗೆ ಒಂದು ಸಲದ ಸಂಭಾವನೆ ಸಿಗುತ್ತದೆ, ರಚನೆಯ ಪಾಲು ಸಿಗುವುದಿಲ್ಲ. ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಈ ಪಾಲಿನ ಬಗೆಗಿನ ಸಾಲನ್ನು ಓದಿರೆಂದು ಹುಡುಗರಿಗೆ ಹೇಳುತ್ತೇನೆ. ತಲೆಯಾಡಿಸುತ್ತಾರೆ. ಆಮೇಲೆ ಕೀಬೋರ್ಡಿನ ಸುತ್ತ ಸೇರಿ, ಆರ್ಗನ್ 2 ಒತ್ತಿ, ಆ ಬಾಸ್ ಸಾಲನ್ನು ತಾವೂ ನುಡಿಸಲು ನೋಡುತ್ತಾರೆ. ಸ್ವರಗಳು ಎರಡೇ ನಿಮಿಷದಲ್ಲಿ ಸಿಗುತ್ತವೆ. ಸಂದಿ ಸಿಗಲು ಒಂದು ವಾರ ಬೇಕು.